ಬೆಳ್ಳಿ ಕುಪ್ಪಿಯ ಹೆಸರು

“ನೀವು ಆಣೆ ಇಟ್ಟರೆ ನಾನು ನಂಬ್ತೀನಿ ದೆಸಾಂಕಮ್ಮ. ನ್ಯಾಯಾಧೀಶರು ನಂಬಲ್ಲ. ಅವರಿಗೆ ಕಾಣೋದು ಇಷ್ಟೆ. ಕುಪ್ಪಿ ಮೇಲಿನ ಅಕ್ಷರ ನಿಮ್ಮದು, ಕುಪ್ಪಿ ಒಳಗಿನ ರಾಕಿಯ ನಿಮ್ಮದು. ಕುಡಿದವನು ಸತ್ತ.”

ಇನ್ಸ್‌ಪೆಕ್ಟರ್ ಗ್ಲಿಶಾ ಇದನ್ನು ಗದರಿಸಿ ಹೇಳಲಿಲ್ಲ. ಕಾಫಿಯ ಪುಟ್ಟ ಬಟ್ಟಲನ್ನು ತಿರುಗಿಸುತ್ತ, ತಳದಲ್ಲಿದ್ದ ಗಸಿಗೆ ಹೇಳುವ ಹಾಗೆ ಹೇಳಿದ. ಗದರಿಸಿದ್ದರೇ ಚೆನ್ನಾಗಿತ್ತು. ಗದರುವ ಪೊಲೀಸಿನವನಿಗೆ ತಿರುಗಿಸಿ ಬೈಯಬಹುದು. ಮೆತ್ತಗೆ ಮಾತಾಡುವವನನ್ನು ಏನು ಮಾಡುವುದು?

“ಪ್ಲಮ್ ಹಣ್ಣಿನಿಂದ ಇಳಿಸಿದ ಒಳ್ಳೇ ಮದ್ಯ, ಅಸಲಿ ರಾಕಿಯ ಅದು,” ಎಂದಳು ದೆಸಾಂಕ. “ಎರಡೇ ಗುಟುಕು. ಖಾಲಿ ಕುಪ್ಪಿ ಯಾರ ಕೈಗೂ ಕೊಡಬಾರದು ಅಂತ ಹಾಕಿದ್ದು. ನಮ್ಮತ್ತೆ ಹಾಕ್ತಿದ್ದರು, ನಾನೂ ಹಾಕ್ತೀನಿ. ಈ ಜೆಮುನ್ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

“ಕೇಳಿದೀನಿ. ಎಲ್ಲರಿಗೂ ಗೊತ್ತು. ಕಷ್ಟ ಆಗಿರೋದೇ ಅದರಿಂದ.”

ನಾನು, ಛತ್ರಿ ರಿಪೇರಿಯ ಪೆರ್ಸಾ, ನಡುಬಾಗಿಲಲ್ಲಿ ಕೂತು ಒಂದು ಛತ್ರಿಯ ಸೊಟ್ಟ ಕಡ್ಡಿಯನ್ನು ನೆಟ್ಟಗೆ ಮಾಡುತ್ತಿದ್ದೆ. ನನ್ನ ಅಂಗಡಿಗೂ ದೆಸಾಂಕಳ ಅಂಗಡಿಗೂ ನಡುವೆ ಇರುವುದು ಅದೊಂದೇ ಬಾಗಿಲು. ಅದಕ್ಕೆ ಚಿಲಕ ಹಾಕಿದ್ದು ನನಗೆ ನೆನಪಿಲ್ಲ. ಗಂಡ ತೀರಿಹೋದ ಮೇಲೆ ಅವನ ಕೊರೆಯುವ ಯಂತ್ರದ ಮುಂದೆ ದೆಸಾಂಕಳೇ ಕೂತಳು. ಮದುವೆ ಉಂಗುರದ ಒಳಮೈ, ಸಿಗರೇಟು ಡಬ್ಬಿ, ಮಕ್ಕಳ ಬೆಳ್ಳಿ ಚಮಚ, ನಿವೃತ್ತಿಯಾದ ರೈಲ್ವೆಯವರ ಗಡಿಯಾರದ ಬೆನ್ನು. ಈ ಊರಿನ ಜನ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಲಾರದ ಮಾತನ್ನೆಲ್ಲ ಅವಳ ಕೈಯಿಂದ ಕೊರೆಸಿ ಕೊಟ್ಟುಕೊಂಡಿದ್ದಾರೆ.

ಅಂಥವಳು ಸೋಮವಾರ ತನಿಖಾ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅಲ್ಲಿಂದ ಮನೆಗೆ ಬರುತ್ತಾಳೋ ಸೆರೆಮನೆಗೆ ಹೋಗುತ್ತಾಳೋ ಗೊತ್ತಿಲ್ಲ. ಇವತ್ತು ಆಗಲೇ ಶನಿವಾರ.

ಹೋದ ವಾರ ಮುದುಕ ವುಕಾಶಿನ್ ತನ್ನ ಊಟದ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದ. ಅಂಗೈಯಡಿ ಬೆಳ್ಳಿ ಕುಪ್ಪಿ, ಕುಪ್ಪಿಯೊಳಗೆ ರಾಕಿಯ, ರಾಕಿಯದೊಳಗೆ ಇಲಿಪಾಷಾಣ. ಆ ಕುಪ್ಪಿ ಅವನಿಗೆ ಬರಬೇಕಾಗಿದ್ದ ಉಡುಗೊರೆಯೇ. ಆದರೆ ಅದು ಬರಬೇಕಾಗಿದ್ದದ್ದು ದೀಕ್ಷಾಸ್ನಾನ ಮುಗಿದ ಮೇಲೆ.

ವುಕಾಶಿನ್ ಹಡಗಿನ ಮಿತಾರನ ಮನೆಗೆ ಕೂಮ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವ ಧರ್ಮಪಿತ. ನಮ್ಮಲ್ಲಿ ಮಗುವಿಗೆ ಹೆಸರಿಡುವ ಹಕ್ಕು ಅಪ್ಪ ಅಮ್ಮನದಲ್ಲ, ಕೂಮನದು. ಚರ್ಚಿನಲ್ಲಿ ಪಾದ್ರಿ ಬಾಯಿಬಿಟ್ಟು ಕೇಳುವ ತನಕ, ಮಗುವಿನ ಬಟ್ಟಲಿಗೆ ಅದನ್ನು ಕೊರೆಯುವವಳೊಬ್ಬಳನ್ನು ಬಿಟ್ಟು, ಅವನು ಅದನ್ನು ಯಾರಿಗೂ ಹೇಳುವಂತಿಲ್ಲ. ಮೊದಲೇ ಹೊರಬಿದ್ದ ಹೆಸರು ಮಗುವಿನ ಆಯಸ್ಸಿಗೆ ಒಳ್ಳೆಯದಲ್ಲ. ಅಪ್ಪ ಡ್ಯಾನ್ಯೂಬ್ ನದಿಯ ಮೇಲೆ ಓಡಾಡುತ್ತಿದ್ದುದರಿಂದ ದೀಕ್ಷಾಸ್ನಾನ ತಡವಾಗಿ ಈ ಮಗುವಿಗೆ ಏಳು ತಿಂಗಳಾಗಿಬಿಟ್ಟಿತ್ತು. ಆದರೂ ಅದನ್ನು ಬೀದಿಗೆ ಬೀದಿಯೇ ಕರೆಯುತ್ತಿದ್ದುದು ‘ತೋಳಮರಿ’ ಎಂದು. ಅಷ್ಟೆ.

ಗ್ಲಿಶಾ ಕೋಟಿನ ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಕುಪ್ಪಿ ಕಿಟಕಿಯ ಬೆಳಕಿಗೆ ಹೊಳೆಯಿತು. ಉಬ್ಬು ಹೊಟ್ಟೆ, ಸಣ್ಣ ಕತ್ತು, ಸರಪಳಿಗೆ ಕಟ್ಟಿದ ಬಿರಡೆ. ಹೊಟ್ಟೆಯ ಮೇಲೆ ದೆಸಾಂಕಳ ಕೈಯ ಸಾಲು: *ಕೂಮ ವುಕಾಶಿನ್‌ಗೆ, ನಮ್ಮ ಚೊಚ್ಚಲ ಮಗನ ದೀಕ್ಷಾಸ್ನಾನದ ನೆನಪು.* ಅದರ ಕೆಳಗೆ ಅವಳು ಜಾಗ ಬಿಟ್ಟಿದ್ದಳು. ಚರ್ಚಿನಲ್ಲಿ ಹೆಸರು ಹೊರಬಂದ ಮೇಲೆ ಕುಪ್ಪಿ ಮತ್ತೆ ಅಂಗಡಿಗೆ ಬರುತ್ತದೆ, ಆ ಜಾಗ ತುಂಬುತ್ತದೆ. ಯಾವಾಗಲೂ ಹೀಗೇ.

ಆ ಜಾಗ ಆಗಲೇ ತುಂಬಿತ್ತು. *ತಾದಿಯ.*

“ಮಿತಾರ್ ಇದನ್ನ ಹೋದ ವಾರ ಬುಧವಾರ ತಗೊಂಡು ಹೋದಾಗ ಜಾಗ ಖಾಲಿ ಇತ್ತು,” ಎಂದ ಗ್ಲಿಶಾ. “ಮನೆಯ ಬೀರುವಿನಲ್ಲಿ ಇಟ್ಟೆ ಅಂತಾನೆ. ಶುಕ್ರವಾರ ನೋಡಿದ್ರೆ ಸತ್ತೋನ ಮೇಜಿನ ಮೇಲಿದೆ, ಹೆಸರು ಸಮೇತ. ಅದಕ್ಕೇ ನ್ಯಾಯಾಧೀಶರು ಹೇಳೋದು, ಕುಪ್ಪಿ ನಡುವೆ ಮತ್ತೆ ನಿಮ್ಮ ಅಂಗಡಿಗೆ ಬಂದಿತ್ತು, ಹೆಸರಿನ ಜೊತೆ ವಿಷಾನೂ ನೀವೇ ಸೇರಿಸಿದ್ರಿ ಅಂತ. ವುಕಾಶಿನ್ ನಿಮ್ಮ ಅಂಗಡಿಯ ಮಾಲೀಕ. ಜಾಗ ಖಾಲಿ ಮಾಡು ಅಂತ ನಿಮಗೆ ಹೇಳಿದ್ದ. ಸಾಲದಾ?”

“ಸಾಲದು!” ಎಂದೆ ನಾನು. “ನನಗೂ ಖಾಲಿ ಮಾಡು ಅಂದಿದ್ದ. ಹಾಗಂತ ನಾನೇನು ಛತ್ರಿ ಕಡ್ಡಿಯಲ್ಲಿ ತಿವಿದ್ನಾ?”

“ಪೆರ್ಸಕ್ಕ, ಹಾಗೆಲ್ಲ ನನ್ನೆದುರು ಹೇಳಬೇಡಿ. ನಾಳೆ ಯಾರಾದ್ರೂ ಛತ್ರಿ ಕಡ್ಡಿಯಲ್ಲಿ ಸತ್ತರೆ ನನಗೆ ಕಷ್ಟ.”

ದೆಸಾಂಕಳ ತುಟಿ ಅಷ್ಟು ದಿನದಲ್ಲಿ ಮೊದಲ ಸಲ ಸ್ವಲ್ಪ ಅರಳಿತು. ಅದನ್ನು ನೋಡಿಯೇ ಗ್ಲಿಶಾ ಭೂತಗನ್ನಡಿಯನ್ನು ಅವಳ ಕಡೆ ತಳ್ಳಿದ.

“ರಾತ್ರಿ ಇದನ್ನೇ ನೋಡ್ತಾ ಕೂತಿದ್ದೆ. ಈ ‘ತಾದಿಯ’ ನಡುವಿನಲ್ಲಿ ದಪ್ಪ ಇದೆ. ಎರಡೂ ತುದೀಲಿ ಕೂದಲೆಳೆ ಥರ ಆಗಿದೆ. ಮೇಲಿನ ಸಾಲು ಹಾಗಿಲ್ಲ. ಯಾಕೆ?”

ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು. ಏಳಲೇ ಇಲ್ಲ.

“ದೆಸಾಂಕಾ?” ಎಂದೆ.

“ತೊಟ್ಟಿಲಿಲ್ಲದೆ ಕೊರೆದಿದ್ದಾರೆ.”

ಗ್ಲಿಶಾನಿಗೆ ಅರ್ಥವಾಗಲಿಲ್ಲ. ಅವಳು ಯಂತ್ರದ ಮೇಲಿನ ಹೊದಿಕೆ ಎಳೆದಳು. ಒಂದು ತೋಳಿನ ಮೊನೆ ಹಿತ್ತಾಳೆಯ ಅಚ್ಚಿನ ಅಕ್ಷರದ ಗೆರೆಯಲ್ಲಿ ಓಡುತ್ತದೆ. ಇನ್ನೊಂದು ತೋಳಿನ ವಜ್ರದ ಮೊನೆ ಅದೇ ಅಕ್ಷರವನ್ನು ಚಿಕ್ಕದಾಗಿ ಬೆಳ್ಳಿಯ ಮೇಲೆ ಕೊರೆಯುತ್ತದೆ. ಚಪ್ಪಟೆ ತಗಡಾದರೆ ಅಷ್ಟೇ ಸಾಕು. ಉಬ್ಬಿದ ವಸ್ತುವಾದರೆ ಅದನ್ನು ಕೆಳಗಿನ ಮರದ ಹಿಡಿಕೆಯಲ್ಲಿ ಮಲಗಿಸಿ, ಒಂದೊಂದು ಅಕ್ಷರಕ್ಕೂ ಚೂರು ಚೂರು ಹೊರಳಿಸಬೇಕು. ಆ ಹಿಡಿಕೆಯನ್ನೇ ಅವಳು ತೊಟ್ಟಿಲು ಅನ್ನುವುದು.

ಒಂದು ನೆಗ್ಗಿದ ಹಳೆಯ ಬಟ್ಟಲು ತಂದು, ತೊಟ್ಟಿಲು ತೆಗೆದಿಟ್ಟು, ಬಟ್ಟಲನ್ನು ಹಾಗೇ ಬಿಗಿದು ಯಾವುದೋ ನಾಲ್ಕಕ್ಷರ ಕೊರೆದಳು. ಗ್ಲಿಶಾ ಭೂತಗನ್ನಡಿ ಹಿಡಿದ. ನಡುವಿನಲ್ಲಿ ಆಳವಾದ ಗೆರೆ, ಉಬ್ಬು ಇಳಿದ ಕಡೆ ಮೊನೆ ಮುಟ್ಟಿಯೂ ಮುಟ್ಟದ ಹಾಗೆ ತೆಳು ಗೀರು. ಕುಪ್ಪಿಯ ಮೇಲಿದ್ದಂತೆಯೇ.

“ಅಂದ್ರೆ ಇದನ್ನ ಕೊರೆದದ್ದು ಚಪ್ಪಟೆ ತಗಡಿನ ಯಂತ್ರ,” ಎಂದ ಗ್ಲಿಶಾ ನಿಧಾನವಾಗಿ. “ಈ ಊರಲ್ಲಿ ಅಂಥದ್ದು ಯಾರ ಹತ್ರ ಇದೆ?”

“ದೋಣಿ ಕಾರ್ಖಾನೆಯಲ್ಲಿ ಒಂದಿದೆ. ನಂಬರ್ ತಗಡು ಕೊರೆಯೋಕೆ.”

“ಮೊದಲು ಬ್ಲಾಗೊಯೆ ಹತ್ರಾನೂ ಇತ್ತು,” ಎಂದೆ ನಾನು. “ಸ್ತಾಮೆನಜ್ಜಿಯ ಗಂಡ. ಈ ಬೀದಿಯ ಬಾಗಿಲುಗಳ ಮೇಲಿನ ಹೆಸರಿನ ಫಲಕ ಎಲ್ಲಾ ಅವನೇ ಮಾಡಿದ್ದು. ದೆಸಾಂಕಳ ಬಾಗಿಲದ್ದೂ ಅವನದೇ. ಕೊರೆಯೋರು ತಮ್ಮ ಹೆಸರು ತಾವೇ ಕೊರೆದುಕೊಳ್ಳಬಾರದು ಅಂತಾರಲ್ಲ, ಅದಕ್ಕೆ. ಪಾಪ, ಅವನು ಹೋದ ಮೇಲೆ ಯಂತ್ರ ಗುಜರಿಗೆ ಹೋಯ್ತು. ಅಜ್ಜಿಯೇ ಹೇಳಿದ್ಲು.”

ಗ್ಲಿಶಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಮನಸ್ಸು ದೋಣಿ ಕಾರ್ಖಾನೆಯಲ್ಲೇ ನಿಂತಿತ್ತು. “ನಂಬರ್ ತಗಡು ಕೊರೆಯೋನು ಯಾರು ಗೊತ್ತಾ? ರಾದೊಮಾನ್. ವುಕಾಶಿನ್‌ನ ತಂಗಿಯ ಮಗ. ಮಾವನ ಮನೆ, ಈ ಅಂಗಡಿ, ಪೆರ್ಸಕ್ಕನ ಅಂಗಡಿ, ಎಲ್ಲ ಈಗ ಯಾರದು?”

“ಅವನದೇ,” ಎಂದೆ.

“ನ್ಯಾಯಾಧೀಶರು ಒಪ್ಪಲ್ಲ,” ಎಂದಳು ದೆಸಾಂಕ. ಅವಳ ದನಿ ದಣಿದಿತ್ತು. “ನಾನೇ ಬೇಕು ಅಂತ ತೊಟ್ಟಿಲು ತೆಗೆದೆ ಅಂತಾರೆ.”

“ಒಪ್ಪೋ ಹಾಗೆ ಮಾಡೋಣ.” ಗ್ಲಿಶಾ ಕುಪ್ಪಿಯನ್ನು ಮತ್ತೆ ಸುತ್ತಿದ. “ನೋಡಿ, ಇವನು ವಿಷ ಹಾಕಿದ. ಅಪವಾದ ನಿಮ್ಮ ಮೇಲೆ ಬರಲಿ ಅಂತ ಹೆಸರು ಕೊರೆದ. ಯಾವ ಹೆಸರು ಕೊರೆದ್ರೂ ಆಗ್ತಿತ್ತಲ್ಲವಾ? ಸುಳ್ಳು ಹೆಸರು?”

“ಅಯ್ಯೋ ದೇವರೇ!” ಎಂದು ನಾನೂ ದೆಸಾಂಕಳೂ ಒಟ್ಟಿಗೇ ಕೂಗಿದೆವು. ಮಗುವಿನ ದೀಕ್ಷಾಸ್ನಾನದ ಬೆಳ್ಳಿಯ ಮೇಲೆ ಸುಳ್ಳು ಹೆಸರು! ಮಗುವಿಗೆ ಗೋರಿ ತೋಡಿದಂತೆಯೇ.

“ನೋಡಿದ್ರಾ? ನೀವು ಹೇಗೆ ಬೆಚ್ಚಿದ್ರೋ ಅವನೂ ಹಾಗೇ ಬೆಚ್ಚಿರ್ತಾನೆ. ಮುದುಕನಿಗೆ ವಿಷ ಹಾಕೋಕೆ ಕೈ ನಡುಗಲಿಲ್ಲ, ಮಗುವಿನ ಮೇಲೆ ಸುಳ್ಳು ಹೆಸರು ಕೊರೆಯೋಕೆ ನಡುಗುತ್ತೆ. ಹಾಗಾಗಿ ತಾದಿಯ ಅನ್ನೋದು ನಿಜವಾದ ಹೆಸರು. ವುಕಾಶಿನ್ ಅದನ್ನ ಯಾರಿಗೋ ಹೇಳಿದ್ದ. ಇದನ್ನ ನೋಡಿರೋದು ನಾನು, ನೀವಿಬ್ಬರು, ನ್ಯಾಯಾಧೀಶರು. ಶವದ ಹತ್ರ ಮೊದಲು ಹೋದೋನು ನಾನು, ಅಕ್ಷರ ಮೇಜಿನ ಬಟ್ಟೆ ಕಡೆ ತಿರುಗಿತ್ತು. ಇನ್ನು ಯಾರ ಬಾಯಲ್ಲಾದ್ರೂ ಆ ಹೆಸರು ಬಂದ್ರೆ…”

“ನಾಳೆ ವುಕಾಶಿನ್ ಬದಲು ಕೂಮನಾಗಿ ನಿಲ್ಲೋದು ರಾದೊಮಾನ್,” ಎಂದೆ ನಾನು. “ರಕ್ತಸಂಬಂಧ. ಅವನೇ ಹೆಸರಿಡಬೇಕು.”

“ಸತ್ತ ಕೂಮ ಆರಿಸಿದ ಹೆಸರು ಗೊತ್ತಿದ್ದೂ ಬೇರೆ ಇಡೋಕೆ ಧೈರ್ಯ ಬರುತ್ತಾ?”

ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ, ನಾನು ಎಂಥ ಪಾಪಿಯಾದರೂ.

“ಮಗುವಿಗೆ ಬೆಳ್ಳಿ ಬಟ್ಟಲು ಕೊಡೋದು ಕೂಮನ ಕೆಲಸ,” ಗ್ಲಿಶಾ ಬಾಗಿಲ ಕಡೆ ನೋಡಿದ. “ಅದಕ್ಕೆ ಹೆಸರು ಕೊರೆಸೋಕೆ ಅವನು ಇನ್ನೇನು ಇಲ್ಲಿಗೆ ಬರಬೇಕು.”

*

ಬಂದವನು ಬಾಗಿಲನ್ನು ಒದ್ದುಕೊಂಡೇ ಬಂದ. ಹೊರಗಿನ ಹಿತ್ತಾಳೆ ಫಲಕ ಅಲ್ಲಾಡಿ ಟಣ್ ಎಂದಿತು.

“ಏನ್ರಪ್ಪಾ, ಸತ್ತೋರ ಮನೆಗಿಂತ ಇಲ್ಲೇ ಜನ ಜಾಸ್ತಿ! ಛತ್ರಿ ಅತ್ತೆ, ಬಿಸಿಲು ಬಂದಿದೆ, ಅಳು ಬರ್ತಿಲ್ವಾ?”

“ನಿನ್ನಂಥೋರನ್ನ ನೋಡಿ ನಕ್ಕು ನಕ್ಕು ಕಣ್ಣೀರು ಖಾಲಿ ಆಗಿದೆ ಮಗನೆ. ಬಾಗಿಲು ಮುರಿದ್ರೆ ಇನ್ನು ಖರ್ಚು ನಿನ್ನದೇ.”

“ಅದೂ ನಿಜ ಕಣತ್ತೆ!” ಎಂದು ಗಹಗಹಿಸಿದ. ದೊಡ್ಡ ಆಳು, ಕೈಯಲ್ಲಿ ಯಂತ್ರದ ಎಣ್ಣೆಯ ಕಲೆ, ಕೊರಳಲ್ಲಿ ಮಾವನ ಸಾವಿನ ಕಪ್ಪು ಪಟ್ಟಿ. ಜೇಬಿನಿಂದ ಪುಟ್ಟ ಬೆಳ್ಳಿ ಬಟ್ಟಲು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಗ್ಲಿಶಾ ಮೂಲೆಯಲ್ಲಿ ಕೂತಿರುವುದು ಕಂಡಿತು. ನಗು ನಿಂತಿತು.

“ಇನ್ಸ್‌ಪೆಕ್ಟರ್ ಸಾಹೇಬರು ಉಂಗುರ ಮಾಡಿಸೋಕೆ ಬಂದ್ರಾ?”

“ಇಲ್ಲ. ನಿಮ್ಮನ್ನ ನೋಡೋಕೆ.”

“ನಾನೇನು ಬೊಂಬೇನಾ?”

“ಮಾವ ಸಾಯೋ ಹಿಂದಿನ ದಿನ ಮಿತಾರ್ ಮನೆಗೆ ಹೋಗಿದ್ರಂತೆ.”

ರಾದೊಮಾನ್ ಕುರ್ಚಿ ಎಳೆದು ತಿರುಗಿಸಿ ಕೂತ. “ಹೋಗಿದ್ದೆ. ಅವರಮ್ಮ ಸ್ತಾಮೆನಜ್ಜಿ ಹೇಳಿಕಳಿಸಿದ್ಲು. ಯಾವುದೋ ಯಂತ್ರದ ಚರ್ಮದ ಪಟ್ಟಿ ಕಿತ್ತುಹೋಗಿದೆ, ಜೋಡಿಸಿಕೊಡು ಮಗನೇ ಅಂತ. ಅಡಿಗೆಮನೇಲಿ ಕೂತು ಹೊಲಿದುಕೊಟ್ಟೆ. ಗಸಗಸೆ ಸುರುಳಿ ಕೊಟ್ಲು, ತಿಂದೆ. ಅದೂ ತಪ್ಪಾ?”

“ಯಾವ ಯಂತ್ರ?”

“ನಾನೆಲ್ಲಿ ನೋಡ್ದೆ? ಹೊಲಿಗೇದಿರಬೇಕು. ತಾನೇ ಹಾಕ್ಕೋತೀನಿ ಅಂದ್ಲು.”

“ಆ ಬೀರು ಇರೋದು ಅಡಿಗೆಮನೆ ಪಕ್ಕದಲ್ಲಿ. ಕುಪ್ಪಿ ಅದರಲ್ಲಿತ್ತು.”

“ಇದ್ದಿರಬಹುದು. ಬೀರು ತೆಗೆದು ನೋಡೋಕೆ ನಾನು ಅವರ ಸೊಸೇನಾ?”

“ಕಾರ್ಖಾನೆಯಲ್ಲಿ ನೀವು ಕೊರೆಯೋ ಯಂತ್ರ ಚಪ್ಪಟೆ ತಗಡಿಗೆ ಮಾತ್ರ ಅಲ್ವಾ?”

ಅವನು ಹೆಬ್ಬೆರಳಿನಿಂದ ಎಣ್ಣೆ ಕಲೆಯನ್ನು ಉಜ್ಜಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇವನೇ ಎಂದುಕೊಂಡೆ ನಾನು.

“ಹೌದು. ಯಾಕೆ?”

“ಸುಮ್ನೆ ಕೇಳ್ದೆ.”

“ಸುಮ್ನೆ ಕೇಳೋಕೆ ನಿಮಗೆ ಸರ್ಕಾರ ಸಂಬಳ ಕೊಡುತ್ತಾ?” ಅವನ ದನಿ ಏರಿತು. “ನೇರ ಕೇಳಿ ಸಾಹೇಬ್ರೆ. ಮನೆಗೋಸ್ಕರ ಮಾವನಿಗೆ ವಿಷ ಹಾಕಿದ್ಯಾ ಅಂತ. ಹಾಕಿಲ್ಲ! ಅವರಿಗೆ ಎದೆನೋವಿತ್ತು, ಮೆಟ್ಟಿಲು ಹತ್ತೋಕೂ ಆಗ್ತಿರಲಿಲ್ಲ. ಇನ್ನೊಂದು ಚಳಿಗಾಲ ಕಾದಿದ್ರೆ ಮನೆ ಹೇಗಿದ್ರೂ ನನಗೇ ಬರ್ತಿತ್ತು. ಅಷ್ಟು ದಿನ ಕಾದೋನು ಇನ್ನೊಂದು ಚಳಿಗಾಲ ಕಾಯಲ್ವಾ?”

ಮಾತು ಒರಟಾಗಿತ್ತು. ಆದರೆ ಅದರಲ್ಲಿ ಲೆಕ್ಕ ಸರಿಯಾಗಿತ್ತು. ಅದೇ ನನಗೆ ಹಿಡಿಸಲಿಲ್ಲ.

“ಮಗುವಿಗೆ ಯಾವ ಹೆಸರು ಆರಿಸಿದ್ದೀನಿ ಅಂತ ಮಾವ ನಿಮಗೆ ಹೇಳಿದ್ರಾ?” ಗ್ಲಿಶಾ ಈಗಲೂ ಮೆತ್ತಗೇ ಇದ್ದ.

“ನನಗಾ? ಗಂಟೆ ಎಷ್ಟು ಅಂತ ಕೇಳಿದ್ರೂ ಹೇಳ್ತಿರಲಿಲ್ಲ.”

“ಹಾಗಾದ್ರೆ ನಾಳೆ ಪಾದ್ರಿಗಳಿಗೆ ಏನು ಹೇಳ್ತೀರಿ?”

“ಅದು ಕೂಮನಿಗೂ ದೇವರಿಗೂ ಬಿಟ್ಟದ್ದು. ಪೊಲೀಸಿಗಲ್ಲ.” ಅವನು ಎದ್ದು ದೆಸಾಂಕಳ ಬಳಿ ಹೋದ. “ಇವರೊಬ್ಬರಿಗೆ ಹೇಳಲೇಬೇಕು, ಹೇಳ್ತೀನಿ. ಛತ್ರಿ ಅತ್ತೆ, ಆ ಕಡೆ ತಿರುಗಿ.”

ತಿರುಗಿದೆ. ಆದರೆ ಗೋಡೆಯ ಮೇಲಿನ ಕನ್ನಡಿಗೆ ತಿರುಗು ಅಂತ ಯಾರೂ ಹೇಳಿರಲಿಲ್ಲ. ಆ ದೊಡ್ಡ ಆಳು ಬಗ್ಗಿ, ಟೊಪ್ಪಿ ತೆಗೆದು ಎದೆಗಿಟ್ಟುಕೊಂಡು, ದೆಸಾಂಕಳ ಕಿವಿಯ ಬಳಿ ತುಟಿ ಅಲ್ಲಾಡಿಸಿದ. ಅವನ ಕಿವಿ ಕೆಂಪಾಗಿತ್ತು, ತಪ್ಪೊಪ್ಪಿಗೆಗೆ ಬಂದ ಹುಡುಗನ ಹಾಗೆ. ದೆಸಾಂಕಳ ಮುಖದಲ್ಲಿ ಏನೂ ಕಾಣಲಿಲ್ಲ. ಊರಿನ ಮಕ್ಕಳ ಹೆಸರನ್ನೆಲ್ಲ ಊರಿಗಿಂತ ಮೊದಲು ಕೇಳಿದ ಮುಖ ಅದು. ಮುಚ್ಚಿದ ಪೆಟ್ಟಿಗೆ.

“ಸಂಜೆ ಒಳಗೆ ಬೇಕು,” ಎಂದ ರಾದೊಮಾನ್ ಬಾಗಿಲಲ್ಲಿ. ಹೋಗುವ ಮುಂಚೆ ಒಂದು ಮಾತು ಎಸೆಯದೆ ಹೋಗಲು ಅವನಿಂದ ಆಗಲಿಲ್ಲ. “ಬಟ್ಟಲು ಖಾಲೀನೇ ಕೊಡಿ ದೆಸಾಂಕಕ್ಕ. ನಿಮ್ಮ ಎರಡು ಗುಟುಕು ಬೇಡ.”

ಬಾಗಿಲು ಬಡಿಯಿತು. ಫಲಕ ಮತ್ತೆ ಟಣ್ ಎಂದಿತು.

*

“ಹೇಳಿ,” ಎಂದ ಗ್ಲಿಶಾ.

ದೆಸಾಂಕ ತೊಟ್ಟಿಲನ್ನು ಮತ್ತೆ ಯಂತ್ರಕ್ಕೆ ಕೂರಿಸುತ್ತಿದ್ದಳು. “ಏನು?”

“ಹೆಸರು.”

“ಹೇಳಲ್ಲ.”

ಕೈಯಲ್ಲಿದ್ದ ಛತ್ರಿ ಕೆಳಗೆ ಬಿತ್ತು. “ನಿನಗೇನು ತಲೆ ಕೆಟ್ಟಿದ್ಯಾ? ಸೋಮವಾರ ಕೋಳ ಬೀಳೋದು ಯಾರ ಕೈಗೆ?”

“ನನ್ನ ಕೈಗೆ. ಹಾಗಂತ ಮಗುವಿನ ಹೆಸರು ಬಾಯಿಂದ ಬಿಡೋಕಾಗುತ್ತಾ ಪೆರ್ಸಾ? ನಿನ್ನ ಮಗಳ ಹೆಸರನ್ನ ನಾನು ಯಾರಿಗಾದ್ರೂ ಮೊದಲೇ ಹೇಳಿದ್ನಾ? ನಿನಗೂ ಹೇಳಲಿಲ್ಲ. ಎಷ್ಟು ಅಂಗಲಾಚಿದ್ದೆ ನೀನು.”

ಅಂಗಲಾಚಿದ್ದೆ, ನಿಜ. ಒಂದು ಇಡೀ ಜಾಮ್ ಭರಣಿ ಕೊಟ್ಟಿದ್ದೆ. ಜಾಮ್ ತಿಂದಿದ್ದಳು, ಹೆಸರು ಹೇಳಿರಲಿಲ್ಲ.

ಗ್ಲಿಶಾ ಎದ್ದು ಬಂದು ಯಂತ್ರದ ಎದುರು ನಿಂತ. “ಹೆಸರು ಹೇಳಬೇಡಿ. ತಲೆ ಆಡಿಸಿ, ಸಾಕು. ಕುಪ್ಪಿ ಮೇಲಿರೋದೇನಾ? ಹೌದು ಅಂದ್ರೆ ಈಗಲೇ ಹೋಗಿ ಅವನನ್ನ ಠಾಣೆಗೆ ಎಳೆದುಕೊಂಡು ಬರ್ತೀನಿ. ಸೋಮವಾರ ನ್ಯಾಯಾಧೀಶರ ಮುಂದೆ ನಿಲ್ಲೋನು ಅವನು.”

ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ಸುಳ್ಳೇ ಆಡಿಸಿದ್ದರೂ ನಾಳೆಯ ತನಕ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ರಾತ್ರಿ ಠಾಣೆಯಲ್ಲಿ ಕೂತವನು ಬೆಳಗಾಗುವುದರೊಳಗೆ ಏನೇನು ಒಪ್ಪಿಕೊಳ್ಳುತ್ತಾನೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ದೆಸಾಂಕಳಿಗೂ ಗೊತ್ತಿತ್ತು. ಅವಳ ಕೈ ಅಚ್ಚಕ್ಷರಗಳ ಪೆಟ್ಟಿಗೆಯ ಮೇಲೆ ನಿಂತಿತು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಆಡಿಸೇ, ಪುಣ್ಯಾತ್ಗಿತ್ತಿ, ಒಂದು ಸಲ ಆಡಿಸೇ.

“ಅದಲ್ಲ,” ಎಂದಳು.

ಗ್ಲಿಶಾ ಕುರ್ಚಿಗೆ ಹೋಗಿ ಕೂತ. ಬೆನ್ನು ತಿರುಗಿಸಿ ಅವಳು ಅಕ್ಷರಗಳನ್ನು ಜೋಡಿಸತೊಡಗಿದಳು. ವಜ್ರದ ಮೊನೆ ಬೆಳ್ಳಿಯ ಮೇಲೆ ಕಿರ್ ಕಿರ್ ಎಂದು ಹೊರಟಿತು.

“ಅವನು ಭಲೇ ಜಾಣ ಇರಬೇಕು,” ಎಂದ ಗ್ಲಿಶಾ ಕೊನೆಗೆ.

“ಅಥವಾ ಅವನಲ್ಲ,” ಎಂದೆ.

“ಅವನಲ್ಲದಿದ್ರೆ ಪೆರ್ಸಕ್ಕ, ನನ್ನ ಹತ್ರ ಉಳಿಯೋದು ಒಬ್ಬರೇ.” ಅವನು ದೆಸಾಂಕಳ ಬೆನ್ನನ್ನು ನೋಡಿದ. ಆ ನೋಟ ನನಗೆ ಹೊಸದು. ಇಷ್ಟು ಹೊತ್ತೂ ಅವಳನ್ನು ಉಳಿಸಲು ನೋಡುತ್ತಿದ್ದವನು ಈಗ ಅವಳನ್ನು ಅಳೆಯುತ್ತಿದ್ದ. “ತೊಟ್ಟಿಲು ತೆಗೆಯೋಕೂ ಹಾಕೋಕೂ ನಿಮಗೆ ಎಷ್ಟು ಹೊತ್ತು ಬೇಕಾಯ್ತು ದೆಸಾಂಕಮ್ಮ? ನೋಡ್ತಾ ಇದ್ದೆ. ಕ್ಷಣದಲ್ಲಿ ಆಯ್ತು.”

ಅವಳು ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದಳು.

ಆಗಲೇ ಬಾಗಿಲಲ್ಲಿ ಮಗುವಿನ ಗಾಡಿಯ ಚಕ್ರ ಕೀಚ್ ಎಂದದ್ದು.

“ಯಾರಾದ್ರೂ ಈ ಮುದುಕಿಗೆ ಒಂದು ಕೈ ಕೊಡ್ರಪ್ಪಾ!” ಸ್ತಾಮೆನಜ್ಜಿ. ಮಿತಾರನ ತಾಯಿ, ಬೀದಿಗೆಲ್ಲ ಅಜ್ಜಿ. ನಾನು ಓಡಿಹೋಗಿ ಗಾಡಿ ಎತ್ತಿ ಒಳಗಿಟ್ಟೆ. ಒಳಗೆ ತೋಳಮರಿ ಮುಷ್ಟಿ ಬಾಯಿಗಿಟ್ಟುಕೊಂಡು ಜೊಲ್ಲು ಸುರಿಸುತ್ತಿತ್ತು. ಅದರ ಕಾಲಬಳಿ ಬಟ್ಟೆ ಮುಚ್ಚಿದ ತಟ್ಟೆ.

“ಗಸಗಸೆ ಸುರುಳಿ. ಈಗಷ್ಟೇ ಒಲೆಯಿಂದ ತೆಗೆದೆ. ತಿನ್ನು ದೆಸಾಂಕಾ, ಕಡ್ಡಿ ಆಗಿದ್ದೀಯ. ಊರು ಏನಾದ್ರೂ ಹೇಳಲಿ, ನೀನು ಅಂಥೋಳಲ್ಲ ಅಂತ ನನಗೆ ಗೊತ್ತು. ಎಲ್ಲರಿಗೂ ಹೇಳಿದೀನಿ.”

ದೆಸಾಂಕಳ ಕಣ್ಣು ತುಂಬಿತು. ಗದರಿಕೆಗೆ ಅಳದವಳು ಅಜ್ಜಿಯ ಕರುಣೆಗೆ ಅತ್ತಳು.

“ಅಳಬೇಡ ಮಗಳೇ. ಇಲ್ಲಿ ನೋಡು, ನಾಳೆಗೆ ಅಂಗಿ.” ಅಜ್ಜಿ ಗಾಡಿಯ ತಲೆದಿಂಬಿನ ಅಡಿಯಿಂದ ಬಿಳಿಯ ಪುಟ್ಟ ಅಂಗಿ ತೆಗೆದು ಬಿಡಿಸಿದಳು. ಅಂಚಿನ ತುಂಬ ಸಣ್ಣ ಸಣ್ಣ ಹೊಲಿಗೆ.

“ಎಷ್ಟು ಚೆಂದ!” ಎಂದೆ. “ಯಂತ್ರದಲ್ಲಿ ಹೊಲಿದದ್ದಾ?”

“ಯಂತ್ರ ಎಲ್ಲಿಂದ ಬರಬೇಕು ಪೆರ್ಸಾ ನಮ್ಮನೇಲಿ? ಕೈಯಲ್ಲೇ. ಕಣ್ಣು ಹೋಯ್ತು.”

ನನ್ನ ಮನಸ್ಸಿನಲ್ಲಿ ಏನೋ ಒಂದು ಎಡವಿತು. ಯಾವುದಕ್ಕೆ ಎಡವಿತು ಎಂದು ತಕ್ಷಣ ಹೊಳೆಯಲಿಲ್ಲ.

ಅಜ್ಜಿ ಗ್ಲಿಶಾನ ಕಡೆ ತಿರುಗಿದಳು. “ಸಾಹೇಬ್ರೆ, ಆ ಕುಪ್ಪಿ ನಮಗೆ ಯಾವಾಗ ವಾಪಸ್ಸು ಬರುತ್ತೆ? ಕೆಟ್ಟದ್ದಾಯ್ತು, ನಿಜ. ಆದರೂ ಮಗುವಿನ ಬೆಳ್ಳಿ ಅದು. ಅದರ ಮೇಲೆ ಹೆಸರು ಕೊರೆಸಬೇಕಲ್ಲ.”

“ಹೆಸರು ಗೊತ್ತಾಗಲಿ ಅಜ್ಜಿ, ಆಮೇಲೆ ನೋಡೋಣ,” ಎಂದ ಗ್ಲಿಶಾ, ಕಣ್ಣು ದೆಸಾಂಕಳ ಮೇಲಿಂದ ತೆಗೆಯದೆಯೇ.

“ಅದೂ ಸರೀನೇ. ಇನ್ನೂ ಯಾರಿಗೆ ಗೊತ್ತಿದೆ? ದೇವರಿಗೆ, ಕೂಮನಿಗೆ. ನಾವು ಅಜ್ಜಿಯರು ಕಾಯೋದು, ಸುರುಳಿ ಮಾಡೋದು.”

ಗಾಡಿಯನ್ನು ಮೆಟ್ಟಿಲಿಂದ ಇಳಿಸಲು ನಾನೇ ಹೋದೆ. ಇಳಿಸಿ ಬಾಗಿಲಲ್ಲಿ ನಿಂತೆ. ಬೀದಿಯಲ್ಲಿ ಬಿಸಿಲು. ಬ್ರೆಡ್ಡಿನಂಗಡಿಯ ಮುಂದೆ ಪಾರಿವಾಳಗಳು ಕಾಳು ಹೆಕ್ಕುತ್ತಿದ್ದವು. ತೋಳಮರಿ ಕತ್ತು ಹೊರಳಿಸಿ ಬಾಯ್ತೆರೆದು ಅವನ್ನೇ ನೋಡುತ್ತಿತ್ತು. ಅಜ್ಜಿ ನನಗೆ ಬೆನ್ನು ಮಾಡಿ, ಬಗ್ಗಿ, ಅದರ ಟೊಪ್ಪಿಯ ದಾರ ಕಟ್ಟಲು ಕೈ ಹಾಕಿದಳು. ಮಗುವಿನ ಮುಖ ತನ್ನ ಕಡೆ ತಿರುಗಬೇಕಾಗಿತ್ತು ಅವಳಿಗೆ.

“ತಾದಿಯ,” ಎಂದಳು ಮೆಲ್ಲಗೆ. ದಿನಕ್ಕೆ ಹತ್ತಾರು ಸಲ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಹಾಗೆ. “ತಾದಿಯ, ಕಂದ.”

ನನ್ನ ಕೈ ಬಾಗಿಲ ಮೇಲಿನ ಫಲಕದ ಮೇಲಿತ್ತು, ಬ್ಲಾಗೊಯೆ ಕೊರೆದ ತಣ್ಣನೆಯ ಚಪ್ಪಟೆ ಹಿತ್ತಾಳೆಯ ಮೇಲೆ. ಹೊಲಿಗೆ ಯಂತ್ರವೇ ಇಲ್ಲದ ಮನೆಯಲ್ಲಿ ಆ ಚರ್ಮದ ಪಟ್ಟಿ ಯಾವ ಯಂತ್ರಕ್ಕೆ ಎಂದು ಇನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಹೆಸರು ಆರಿಸಿದ್ದು ಕೂಮನಲ್ಲ, ಅವಳೇ; ಬೇರೆ ಹೆಸರಿಡುವ ಹಕ್ಕಿದ್ದವನು ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದ.

ನಾಳೆಯ ತನಕ ಹೆಸರಿಲ್ಲದ ಆ ಮಗು ಪಾರಿವಾಳಗಳನ್ನು ಬಿಟ್ಟು, ಥಟ್ಟನೆ ಅಜ್ಜಿಯ ಕಡೆ ತಿರುಗಿ ನಕ್ಕಿತು.